ಮಲಗದ ಕರಡಿ

ಆ ಫೋಟೋ ಸ್ಟುಡಿಯೋದಲ್ಲಿ ಇದ್ದದ್ದು ಒಂದೇ ಕಾನೂನು: ಮುಚ್ಚಿದ ಕಣ್ಣು ಹೊಸ್ತಿಲು ದಾಟಿ ಹೊರಗೆ ಹೋಗಬಾರದು.

ಉಳಿದದ್ದನ್ನೆಲ್ಲ ಸ್ಟುಡಿಯೋದ ಯಜಮಾನರಾದ ಮಾವ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದರು. ಕಾಲರು ಸೊಟ್ಟಗಿದ್ದರೆ ಇರಲಿ, ತಲೆಗೂದಲು ಕಾಗೆಗೂಡಾಗಿದ್ದರೆ ಅದು ಅವರವರ ಹಣೆಬರಹ. ಕಣ್ಣು ಮುಚ್ಚಿದ ಫೋಟೋ ಕಂಡರೆ ಮಾತ್ರ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ಗಿರಾಕಿ ಮೆಟ್ಟಿಲಿಳಿದು ಹೋಗುವವರೆಗೆ ಹಲ್ಲು ಕಿರಿದು ನಿಂತು, ಆಮೇಲೆ ಗೋಡೆಗೆ ಹೇಳುತ್ತಿದ್ದರು: "ಮಲಗೋದಕ್ಕೆ ಮನೆ ಇಲ್ವಾ ಇವ್ರಿಗೆ? ಇಲ್ಲಿಗೇ ಬಂದು ಮಲಗ್ಬೇಕಾ?" ಬಳಿಕ ಪರದೆಯ ಕಡೆ ತಿರುಗಿ, "ಏ ಇಣುಕಿ, ಇವ್ರನ್ನ ಎಬ್ಬಿಸು!"

ಪರದೆಯ ಹಿಂದೆ ಕಂಪ್ಯೂಟರಿನ ಮುಂದೆ ಕೂತು ಜನರನ್ನು ಎಬ್ಬಿಸುವುದೇ ಇಣುಕಿಯ ಕೆಲಸ. ಇನ್ನೊಂದು ಫೋಟೋದಲ್ಲಿ ಅದೇ ಮನುಷ್ಯ ಕಣ್ಣು ಬಿಟ್ಟಿದ್ದರೆ ಅಲ್ಲಿಂದ ತಂದು ಇಲ್ಲಿ ಕೂರಿಸುವುದು, ಎಲ್ಲ ಫೋಟೋಗಳಲ್ಲೂ ಮುಚ್ಚಿಕೊಂಡೇ ಇದ್ದ ಮಹಾನುಭಾವನಾದರೆ ತಾನೇ ಬರೆದು ತೆರೆಸುವುದು. ಎಬ್ಬಿಸಿ ಮುಗಿದ ಫೋಟೋವನ್ನು 'ಕಣ್ಣು ಸರಿ' ಎಂಬ ಕಡತಕ್ಕೆ ಹಾಕಬೇಕು. ಅದರೊಳಗೆ ಬಿದ್ದದ್ದನ್ನು ಯಾರೂ ಮತ್ತೆ ತೆರೆದು ನೋಡುವುದಿಲ್ಲ. ನೇರ ಪ್ರಿಂಟಿಗೆ.

ಅವಳು ಮಾವನ ಅಕ್ಕನ ಮಗಳು. ಚಿಕ್ಕಂದಿನಲ್ಲಿ ಮನೆಗೆ ಯಾರಾದರೂ ಬಂದರೆ ಬಾಗಿಲ ಸಂದಿಯಲ್ಲಿ ಒಂದು ಕಣ್ಣು ಮಾತ್ರ ಕಾಣುತ್ತಿತ್ತು. ಹಾಗೆ ಬಂದ ಹೆಸರು ಇಣುಕಿ. ಶಾಲೆಯಲ್ಲಿ ಎದ್ದು ನಿಂತು ಓದು ಎಂದಾಗಲೆಲ್ಲ ಗಂಟಲಿಗೆ ಬೀಗ ಬೀಳುತ್ತಿತ್ತು. ಎಂಟನೆಯ ತರಗತಿಯ ನಡುವೆ ಒಂದು ದಿನ ಚೀಲ ಇಳಿಸಿದವಳು ಮತ್ತೆ ಹೆಗಲಿಗೆ ಏರಿಸಲಿಲ್ಲ. "ಬಾಯಿ ಬಿಡದೆ ಮಾಡೋ ಕೆಲಸ ನನ್ನ ಹತ್ರ ಇದೆ, ಕಳಿಸಕ್ಕಾ" ಎಂದು ಮಾವ ಕರೆದುಕೊಂಡು ಬಂದು ಪರದೆಯ ಹಿಂದೆ ಕೂರಿಸಿದರು. ಪರದೆಗೆ ಒಂದು ತೂತಿತ್ತು. ಅವಳಿಗೆ ಇನ್ನೇನು ಬೇಕು? ಕ್ಯಾಮೆರಾದ ಮುಂದೆ ಕೂತ ಮನುಷ್ಯರು ಹೊಟ್ಟೆ ಒಳಗೆಳೆದುಕೊಂಡು, ಗಲ್ಲ ಎತ್ತಿ, ತಮ್ಮದಲ್ಲದ ಮುಖವೊಂದನ್ನು ಹಾಕಿಕೊಳ್ಳುವುದನ್ನು ನೋಡಿ ನೋಡಿ, ಅವಳ ಕೈ ತಾನಾಗಿಯೇ ಚೀಟಿಗಳ ಹಿಂದೆ ಚಿತ್ರ ಬರೆಯತೊಡಗಿತು. ಕಾಲರು ಬಿಗಿಯಾಗಿ ಉಸಿರು ಕಟ್ಟಿದ ಆಮೆ. ಜುಟ್ಟು ಸರಿಮಾಡಿಕೊಳ್ಳುವ ಮುಳ್ಳುಹಂದಿ. ಪಾಸ್‌ಪೋರ್ಟ್ ಫೋಟೋಗೆ ನೆಟ್ಟಗೆ ಕೂತ ಘೇಂಡಾಮೃಗ.

ಆ ಘೇಂಡಾಮೃಗವೇ ಅವಳ ಅದೃಷ್ಟ. ಫೋಟೋ ತೆಗೆಸಲು ಬಂದ ಹೆಂಗಸೊಬ್ಬರು, ಚಿಲ್ಲರೆ ಎಣಿಸಿಕೊಳ್ಳುವಾಗ, ರಸೀದಿಯ ಹಿಂದೆ ಅದನ್ನು ಕಂಡರು. ಅವರು ಮಕ್ಕಳ ಪುಸ್ತಕಗಳ ಸಂಪಾದಕಿ. ಅಂದಿನಿಂದ ಇಣುಕಿ ಅವರ ಪುಸ್ತಕಗಳಿಗೆ ಬಣ್ಣ ತುಂಬಿದಳು, ಹುಲ್ಲು ಬರೆದಳು, ಮೋಡ ಬರೆದಳು. ಮಾತುಕತೆಯೆಲ್ಲ ಫೋನಿನಲ್ಲಿ ಬೆರಳಿನಿಂದಲೇ. ಅವಳ ದನಿ ಹೇಗಿದೆಯೆಂದು ಸಂಪಾದಕಿಗೆ ಗೊತ್ತೇ ಇರಲಿಲ್ಲ. ಈಗ ಮೊದಲ ಸಲ ಇಡೀ ಪುಸ್ತಕ ಅವಳದು. ಮುಖಪುಟದಲ್ಲಿ 'ಚಿತ್ರಗಳು' ಎಂದು ಬರೆದು, ಅದರ ಮುಂದೆ ಅವಳ ಹೆಸರು. ಮನೆಯವರೇ ತಲೆ ಕೆರೆದು ನೆನಪಿಸಿಕೊಳ್ಳಬೇಕಾದ ಅವಳ ನಿಜವಾದ ಹೆಸರು!

"ನೋಡಮ್ಮ," ಎಂದು ಸಂಪಾದಕಿ ಮೊದಲೇ ಬರೆದು ಕಳಿಸಿದ್ದರು, "ನಾನು ತಪ್ಪು ಸಹಿಸೋಳಲ್ಲ. ಹಿಂದೊಬ್ಬ ಕುದುರೆಗೆ ಐದು ಕಾಲು ಬರೆದ. ಆಮೇಲೆ ಅವನ ಹೆಸರು ನಮ್ಮ ಯಾವ ಪುಸ್ತಕದಲ್ಲೂ ಬಂದಿಲ್ಲ."

ಇಣುಕಿ ಅಂದಿನಿಂದ ಕಂಡ ಪ್ರಾಣಿಗಳ ಕಾಲನ್ನೆಲ್ಲ ಎಣಿಸುತ್ತಿದ್ದಳು.

ಪುಸ್ತಕದ ಹೆಸರು 'ಶ್! ಕಾಡು ಮಲಗಿದೆ'. ಸಂಪಾದಕಿಯೇ ಬರೆದ ಕತೆ. ಒಂದು ಪುಟಕ್ಕೆ ಒಂದು ಪ್ರಾಣಿ. ಕರಡಿ ಮಲಗಿತು, ನರಿ ಮಲಗಿತು, ಮೊಸಳೆ ಮಲಗಿತು. ಓದಿ ಹೇಳುತ್ತ ಹೇಳುತ್ತ ಮಗುವೂ ಮಲಗಬೇಕು, ಅಷ್ಟೇ. ಇಣುಕಿ ಮುಚ್ಚಿದ ರೆಪ್ಪೆಗಳನ್ನು ಹುಡುಕಿಕೊಂಡು ಊರೆಲ್ಲ ನೋಡಿದಳು. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿದವರು, ಆಸ್ಪತ್ರೆಯ ಬೆಂಚಿನ ಮೇಲೆ ತೂಕಡಿಸುವವರು, ಊಟವಾದ ಮೇಲೆ ಕುರ್ಚಿಯಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುವ ಮಾವ. ಮೊಸಳೆಗೆ ಮಾವನ ಬಾಯಿ ಬಂತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ದಿನವಿಡೀ ಕಣ್ಣು ತೆರೆಸುವವಳಿಗೆ ಮನೆಗೆ ಬಂದು ಕಣ್ಣು ಮುಚ್ಚಿಸುವುದೆಂದರೆ ಹಬ್ಬ.

ಪುಸ್ತಕ ಪ್ರೆಸ್ಸಿಗೆ ಹೋಗಬೇಕಾದ ದಿನವೇ ಸ್ಟುಡಿಯೋಗೆ ದೊಡ್ಡ ಗಂಡಾಂತರವೊಂದು ಬಂದು ಕೂತಿತ್ತು. ಒಂದು ಕೂಡು ಕುಟುಂಬದ ಫೋಟೋ. ಅಜ್ಜನಿಂದ ಹಿಡಿದು ಕಂಕುಳ ಕೂಸಿನವರೆಗೆ ಎಲ್ಲರನ್ನೂ ಮಾವ ಅಂಗಳದಲ್ಲಿ ಬಿಸಿಲಿಗೆ ಮುಖ ಮಾಡಿ ನಿಲ್ಲಿಸಿದ್ದರು. ಸೂರ್ಯ ಸರಿಯಾಗಿ ಕಣ್ಣಿಗೇ ಹೊಡೆದಿದ್ದ. ಫೋಟೋದಲ್ಲಿ ಇಡೀ ವಂಶ ನಿಂತಲ್ಲೇ ನಿದ್ದೆ ಮಾಡುತ್ತಿತ್ತು.

"ಬೆಳಗಾಗಿದೆ ಅಂತ ಹೇಳೇ ಇವ್ರಿಗೆ," ಎಂದರು ಮಾವ. "ಸಂಜೆ ಒಳಗೆ ಒಬ್ಬೊಬ್ರೂ ಎದ್ದಿರ್ಬೇಕು. ಆ ಅಜ್ಜನ್ನ ಮೊದ್ಲು ಎಬ್ಬಿಸು, ಸಿಡುಕ ಆತ."

ಅಜ್ಜನ ಕಣ್ಣು ಒಂದೇ ಒಂದು ಫೋಟೋದಲ್ಲಿ ತೆರೆದಿತ್ತು, ಅದೂ ಯಾರನ್ನೋ ಗದರುವಾಗ. ಇಣುಕಿ ಅದನ್ನೇ ತಂದು ಕೂರಿಸಿದಳು. ಅಜ್ಜ ಫೋಟೋದೊಳಗಿಂದ ಅವಳನ್ನೇ ಗುರಾಯಿಸತೊಡಗಿದರು. ಒಬ್ಬರಾದ ಮೇಲೊಬ್ಬರು ಎದ್ದರು. ಮಧ್ಯಾಹ್ನದ ಹೊತ್ತಿಗೆ ಮನೆಮಂದಿಯೆಲ್ಲ ಎದ್ದು, ಕೂಸು ಮಾತ್ರ ಉಳಿದಿತ್ತು. ಅದನ್ನು ಮಲಗಲು ಬಿಡೋಣವೆಂದರೆ ಮಾವ ಕೇಳಬೇಕಲ್ಲ. ಅದನ್ನೂ ಎಬ್ಬಿಸಿದಳು.

ಊಟದ ಡಬ್ಬಿ ಬದಿಗಿಟ್ಟು ಅವಳು ತನ್ನ ಪುಸ್ತಕ ತೆರೆದಳು. ಕರಡಿಯ ಹೊಟ್ಟೆ ಸ್ವಲ್ಪ ಕರಗಿಸಬೇಕೆಂದು ಸಂಪಾದಕಿ ಹೇಳಿದ್ದರು, ಅಷ್ಟೇ ಬಾಕಿ. ಹೊಟ್ಟೆ ಕರಗಿಸಿ ಮುಗಿಸುತ್ತಿದ್ದಂತೆ ಮಾವ ಹಿಂದಿನಿಂದ ಬಂದು ಬಗ್ಗಿದರು. ಕನ್ನಡಕ ಎಂದಿನಂತೆ ಹಣೆಯ ಮೇಲಿತ್ತು. ಎಂದಿನಂತೆ ಅವರು ಅದನ್ನು ಜೇಬಿನಲ್ಲಿ ಹುಡುಕುತ್ತಿದ್ದರು.

"ಆಯ್ತಾ? ಅಯ್ಯೋ, ಇಲ್ನೋಡು, ಈ ದಪ್ಪನೆ ಮನುಷ್ಯ ಇನ್ನೂ ಮಲಗೇ ಇದ್ದಾನಲ್ಲೇ! ಎಬ್ಬಿಸು ಇವನ್ನ."

ಇಣುಕಿ ಕಂಪ್ಯೂಟರನ್ನು ನೋಡಿದಳು, ಮಾವನ ಹಣೆಯ ಮೇಲಿನ ಕನ್ನಡಕವನ್ನು ನೋಡಿದಳು.

"ಇವನು ಯಾರು, ದೊಡ್ಡ ಮಗನಾ? ಈ ಸೆಖೆಗೆ ಉಣ್ಣೆ ಕೋಟು ಹಾಕ್ಕೊಂಡು ಬಂದಿದ್ದಾನಲ್ಲ, ಪುಣ್ಯಾತ್ಮ."

"ಮಾವ," ಎಂದಳು ಅವಳು ಸಣ್ಣಗೆ, "ಅದು ಕರಡಿ."

ಮಾವ ಹಣೆಯಿಂದ ಕನ್ನಡಕ ಇಳಿಸಿ ನೋಡಿದರು. ಬಹಳ ಹೊತ್ತು ನೋಡಿದರು. "ಕರಡಿಯಾದ್ರೇನು? ಗಿರಾಕಿ ಗಿರಾಕಿನೇ," ಎಂದು ಗಾಂಭೀರ್ಯ ಬಿಡದೆ ಹೊರಟುಹೋದರು.

ಇಣುಕಿಗೆ ನಗು ಒತ್ತರಿಸಿಕೊಂಡು ಬಂತು. ಪರದೆಯ ತುದಿಯನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ಕಣ್ಣೊರೆಸಿಕೊಂಡು, ಸುಮ್ಮನೆ ತಮಾಷೆಗೆ, ಕರಡಿಯ ಕಣ್ಣು ತೆರೆಸಿದಳು. ಬೆಳಗಿನಿಂದ ಕೈಗೆ ಹತ್ತಿದ್ದು ಆ ಸಿಡುಕ ಅಜ್ಜನ ಕಣ್ಣು, ಹಾಗಾಗಿ ಅದೇ ನೋಟ ಕರಡಿಗೂ ಬಂತು. ಹೊದಿಕೆ ಗಲ್ಲದವರೆಗೆ ಎಳೆದುಕೊಂಡು ಗುರ್ರೆಂದು ನೋಡುವ ಕರಡಿ! ಕೆಳಗೆ ಅಕ್ಷರ: 'ಕರಡಿ ಮಲಗಿತು.' ಅವಳಿಗೆ ಮತ್ತೆ ನಗು. ನರಿಗೊಂದು ಓರೆಗಣ್ಣು, ಮೊಲಕ್ಕೆ ಗಾಬರಿಗಣ್ಣು, ಮೊಸಳೆಗೆ ಒಂದೇ ಕಣ್ಣು ಅರೆ ತೆರೆದದ್ದು. ಕೊನೆಯ ಪುಟದಲ್ಲಿ ಎಲ್ಲ ಪ್ರಾಣಿಗಳೂ ಒಂದೇ ಕಂಬಳಿಯಡಿ ಸಾಲಾಗಿ ಮಲಗಿದ್ದವು, ಅವನ್ನೂ ಬಿಡಲಿಲ್ಲ. ಹುಚ್ಚು ಹಿಡಿದವಳ ಹಾಗೆ ಕಾಡನ್ನೆಲ್ಲ ಎಬ್ಬಿಸಿದಳು. ಮೊದಲಿನ ಚಿತ್ರಗಳು ಬೇರೆಯಾಗಿ ಇದ್ದೇ ಇದ್ದವು. ಇದು ತನಗಾಗಿ, ನಕ್ಕು ಅಳಿಸಿಬಿಡಲು.

ಆದರೆ ಕಣ್ಣು ತೆರೆಸಿದ್ದನ್ನು ಎಲ್ಲಿ ಇಡಬೇಕೆಂದು ಕೈಗೆ ಗೊತ್ತಿತ್ತಲ್ಲ. ತಲೆಯನ್ನು ಕೇಳದೆ ಕೈ ಅದನ್ನು 'ಕಣ್ಣು ಸರಿ'ಯೊಳಗೆ ಇಟ್ಟಿತು. ಸಂಜೆ ಸಂಪಾದಕಿಯಿಂದ ಬರಹ ಬಂತು: "ರೈಲು ಹತ್ತುತ್ತಿದ್ದೇನೆ. ಈಗಲೇ ಕಳಿಸು." ಮುಗಿದ ಕೆಲಸ ಎಲ್ಲಿಂದ ಹೊರಗೆ ಹೋಗಬೇಕೆಂಬುದೂ ಕೈಗೆ ಗೊತ್ತಿತ್ತು. ಕೈ ಕಳಿಸಿತು. ಸಂಪಾದಕಿ, ಕರಡಿಯ ಹೊಟ್ಟೆಯೊಂದು ತಾನೇ ಬಾಕಿ ಇದ್ದದ್ದು ಎಂದುಕೊಂಡು, ತೆರೆದೂ ನೋಡದೆ ಪ್ರೆಸ್ಸಿಗೆ ದಾಟಿಸಿದರು.

ಮರುದಿನ ಬೆಳಿಗ್ಗೆ ಇಣುಕಿಯ ಅಕ್ಕ ತನ್ನ ಮಗಳನ್ನು ಅಮ್ಮನ ಮಡಿಲಿಗೆ ಹಾಕಿ ಕೆಲಸಕ್ಕೆ ಹೋಗಿದ್ದಳು. ಈ ಮಗುವಿಗೆ ಮನೆಯಲ್ಲಿ ಪಟಾಕಿ ಎಂದೇ ಹೆಸರು. ಪಟಾಕಿ ಬಂದು ಇಣುಕಿಯ ಬೆನ್ನಿಗೆ ಜೋತುಬಿದ್ದಳು. "ಚಿಕ್ಕಮ್ಮ, ನಿನ್ನ ಪುಸ್ತಕ ತೋರ್ಸು."

ಇಣುಕಿ ಹಿಂದಿನ ಸಂಜೆ ಕಳಿಸಿದ್ದನ್ನು ಫೋನಿನಲ್ಲಿ ತೆರೆದು ಕೊಟ್ಟು, ತಲೆ ಬಾಚಿಕೊಳ್ಳತೊಡಗಿದಳು.

"ಕರಡಿ ಯಾಕೆ ನನ್ನನ್ನೇ ಬಯ್ಯೋ ಥರ ನೋಡ್ತಿದೆ?"

"ಅದು ನೋಡ್ತಿಲ್ಲ ಕಂದ, ಮಲಗಿದೆ."

"ಸುಳ್ಳು! ಮಲಗೇ ಇಲ್ಲ! ಅಜ್ಜಿ, ನೋಡು, ನರಿನೂ ಮಲಗಿಲ್ಲ! ಸುಳ್ಳು, ಸುಳ್ಳು!" ಎಂದು ಮಗು ನೆಲದ ಮೇಲೆ ಬಿದ್ದು ಹೊರಳಾಡಿ ನಗತೊಡಗಿತು.

ಬಾಚಣಿಗೆ ಕೂದಲಲ್ಲೇ ನಿಂತಿತು. ಇಣುಕಿ ಫೋನು ಕಿತ್ತುಕೊಂಡು ನೋಡಿದಳು. ಇಡೀ ಕಾಡು ಅವಳನ್ನು ದುರುಗುಟ್ಟಿ ನೋಡಿತು.

"ಏನಾಯ್ತೇ?" ಎಂದಳು ಅಮ್ಮ. "ಮುಖ ಯಾಕೆ ಸುಣ್ಣ ಬಳಿದ ಹಾಗಾಯ್ತು?"

"ಐದು ಕಾಲಿನ ಕುದುರೆ," ಎಂದಳು ಇಣುಕಿ. ಅಮ್ಮನಿಗೆ ಏನೂ ಅರ್ಥವಾಗಲಿಲ್ಲ. ಅಷ್ಟರಲ್ಲಿ ಮಗಳು ಬಾಚಣಿಗೆ ತಲೆಯಲ್ಲಿ ಸಿಕ್ಕಿಸಿಕೊಂಡೇ ಬೀದಿಗೆ ಓಡಿಯಾಗಿತ್ತು.

ಸ್ಟುಡಿಯೋ ತಲುಪುವಷ್ಟರಲ್ಲಿ ಸಂಪಾದಕಿಗೆ ಬರೆದ ಬರಹಗಳಿಗೆ ಲೆಕ್ಕವಿಲ್ಲ. ಒಂದೂ ಮುಟ್ಟಲಿಲ್ಲ, ರೈಲು ಎಲ್ಲೋ ಗುಡ್ಡಗಳ ನಡುವೆ ಇತ್ತು. ಮಾವ ಕತೆ ಕೇಳಿ ತಲೆಯ ಮೇಲೆ ಕೈಹೊತ್ತರು. "ನಾನೇ ಎಬ್ಬಿಸು ಅಂದೆ, ಅಲ್ವಾ?" ಎಂದರು. ಆಮೇಲೆ ಬಾಗಿಲಿಗೆ ಬೀಗ ಜಡಿದು ಸ್ಕೂಟರ್ ಒದ್ದರು. "ಹತ್ತು! ಪ್ರೆಸ್ಸಿಗೇ ಹೋಗೋಣ. ಆದ್ರೆ ಮಾತಾಡೋದು ನೀನೇ. ನಾನು ಬಾಯಿ ಬಿಟ್ರೆ ಇನ್ನೂ ಯಾರ್ಯಾರನ್ನ ಎಬ್ಬಿಸ್ತೀನೋ!"

ದಾರಿಯುದ್ದಕ್ಕೂ ಇಣುಕಿ ಮಾವನ ಬೆನ್ನ ಹಿಂದೆ ಮಾತನ್ನು ಕಲಿಯುತ್ತ ಕೂತಿದ್ದಳು. ನಮಸ್ಕಾರ ಅಣ್ಣ, ಒಂದು ಸಣ್ಣ ವಿಷಯ. ಅಣ್ಣ, ದಯವಿಟ್ಟು ಮೆಷಿನ್ನು ನಿಲ್ಲಿಸ್ತೀರಾ. ಸ್ಕೂಟರ್ ರಸ್ತೆಯ ಗುಂಡಿಗೆ ಬಿದ್ದು ಹಾರಿದಾಗಲೆಲ್ಲ ಕಲಿತದ್ದು ಉದುರಿಹೋಗುತ್ತಿತ್ತು, ಮತ್ತೆ ಮೊದಲಿಂದ ಶುರು.

ಪ್ರೆಸ್ಸಿನೊಳಗೆ ಮೆಷಿನ್ನು ಧಡಧಡ ಎನ್ನುತ್ತಿತ್ತು. ನೆಲವೂ ಅದರ ಜೊತೆ ಕುಣಿಯುತ್ತಿತ್ತು. ಎಲ್ಲೆಲ್ಲೂ ಮಸಿಯ ವಾಸನೆ. ಮೇಸ್ತ್ರಿ, ಮೊಣಕೈವರೆಗೆ ನೀಲಿ ಮೆತ್ತಿಕೊಂಡ ಎತ್ತರದ ಆಸಾಮಿ, ಅವಳ ತುಟಿ ಅಲ್ಲಾಡುವುದನ್ನು ಕಂಡು ಕಿವಿಗೆ ಕೈಯೊಡ್ಡಿದರು.

"ಏನಮ್ಮಾ?"

"ಕರಡಿ..." ಎಂದಳು ಇಣುಕಿ.

"ಏನೂ ಕೇಳಿಸ್ತಿಲ್ಲ! ಇಲ್ಲಿ ಕೂಗ್ಬೇಕು, ಕೂಗ್ಬೇಕು!"

ಶಾಲೆಯಲ್ಲಿ ಬಿದ್ದಿದ್ದ ಬೀಗ ಇನ್ನೂ ಗಂಟಲಲ್ಲೇ ಇತ್ತು. ಆದರೆ ಮೆಷಿನ್ನಿನ ಬಾಯಿಂದ ಹಾಳೆಗಳು ಒಂದರ ಮೇಲೊಂದು ಬೀಳುತ್ತಿದ್ದವು. ಪ್ರತಿ ಹಾಳೆಯಲ್ಲೂ ಕರಡಿ ಅವಳನ್ನೇ ಗುರಾಯಿಸುತ್ತಿತ್ತು. ಅವಳು ಕಣ್ಣು ಬಿಗಿಯಾಗಿ ಮುಚ್ಚಿದಳು, ಎರಡೂ ಮುಷ್ಟಿ ಬಿಗಿದಳು.

"ಕರಡಿ ಮಲಗ್ಬೇಕು!"

ಅವಳು ಬಾಯಿ ತೆರೆಯುವುದಕ್ಕೂ ಯಾರೋ ಮೆಷಿನ್ನು ನಿಲ್ಲಿಸುವುದಕ್ಕೂ ಸರಿಹೋಯಿತು. ನಿಶ್ಶಬ್ದದಲ್ಲಿ ಆ ಕೂಗು ಛಾವಣಿಗೆ ಬಡಿದು ಹಿಂದಿರುಗಿತು. ಕಾಗದ ಕತ್ತರಿಸುವವರು, ಪುಸ್ತಕ ಹೊಲಿಯುವವರು, ಹೊರೆ ಹೊರುವವರು, ಎಲ್ಲರೂ ನಿಂತು ನೋಡಿದರು. ಬಾಗಿಲಲ್ಲಿ ಮಾವ ಬಾಯಿ ತೆರೆದು ಮೊಸಳೆಯ ಹಾಗೇ ನಿಂತಿದ್ದರು.

"ಕರಡಿ ಮಲಗಲ್ಲಮ್ಮ," ಎಂದರು ಮೇಸ್ತ್ರಿ ನಿಧಾನವಾಗಿ. "ಬೆಳಗಿನಿಂದ ನಾವೂ ಹೇಳ್ತಾನೇ ಇದ್ದೀವಿ. ಕೇಳೋದೇ ಇಲ್ಲ ಅದು."

ಹೊಲಿಯುವ ಹೆಂಗಸರು ಕಿಸಕ್ಕನೆ ನಕ್ಕರು. ಅವರಲ್ಲೊಬ್ಬಾಕೆ ಹಾಳೆಯೊಂದನ್ನು ಎತ್ತಿ ಹಿಡಿದು ರಾಗವಾಗಿ ಓದಿದಳು: "ನರಿ ಮಲಗಿತು..." ಉಳಿದವರೆಲ್ಲ ಒಟ್ಟಿಗೆ, "ಸುಳ್ಳು!" ಎಂದು ಕೂಗಿದರು. "ಮೊಲ ಮಲಗಿತು..." "ಸುಳ್ಳು!" ಬೆಳಗಿನಿಂದ ಅವರಿಗೆ ಇದೇ ಆಟವಂತೆ. ಹೊರೆ ಹೊರುವ ಮುದುಕನೊಬ್ಬ ನಕ್ಕು ನಕ್ಕು ಕೆಮ್ಮು ಬಂದು ನೀರು ಕುಡಿಯಲು ಹೋಗಿದ್ದನಂತೆ.

ಇಣುಕಿ ಮಾತ್ರ ನಗಲಿಲ್ಲ. ಅವಳು ಹಾಳೆಯನ್ನು ನೋಡುತ್ತಿದ್ದಳು, ಅವರನ್ನು ನೋಡುತ್ತಿದ್ದಳು. ಬೆಳಿಗ್ಗೆ ನೆಲದ ಮೇಲೆ ಹೊರಳಾಡಿದ ಪಟಾಕಿಯೂ ಕೂಗಿದ್ದು ಇದನ್ನೇ ಅಲ್ಲವೇ?

"ಎಲ್ಲಾ ಆಗೋಯ್ತಾ ಅಣ್ಣ?"

"ಮೊದಲನೇ ಹಾಳೆ ಪೂರ್ತಿ ಆಯ್ತು. ಪುಟ ಒಂದೊಂದೇ ಅಚ್ಚಾಗಲ್ಲ ನೋಡು, ದೊಡ್ಡ ಹಾಳೆ ಮೇಲೆ ಒಟ್ಟಿಗೇ ಬರ್ತವೆ. ಕೊನೇ ಪುಟಗಳ ಹಾಳೆ ಇನ್ನೂ ಏರಿಸಿಲ್ಲ. ಯಾಕೆ, ತಪ್ಪಾಗಿದ್ಯಾ? ಇಷ್ಟೂ ಕಾಗದ ಗುಜರಿಗೆ ಹಾಕ್ಬೇಕಾ?"

ಆಗಲೇ ಅವಳ ಫೋನು ಹೊಡೆದುಕೊಂಡಿತು. ರೈಲು ಗುಡ್ಡ ದಾಟಿತ್ತು. ಸಂಪಾದಕಿಯ ದನಿ ಅವಳಿಗೆ ನೆನಪಿದ್ದದ್ದಕ್ಕಿಂತ ಸಣ್ಣದಿತ್ತು, ಚೂಪಾಗಿಯೂ ಇತ್ತು. "ಏನಿದು ಇಷ್ಟೊಂದು ಮೆಸೇಜು? ಏನು ಕಣ್ಣು? ಯಾರ ಕಣ್ಣು?"

ಇಣುಕಿ ಹೇಳಿದಳು. ಮೊದಲು ತೊದಲಿದಳು, ಆಮೇಲೆ ಎಲ್ಲ ಒಂದೇ ಉಸಿರಿಗೆ ಬಂತು: ಕೂಡು ಕುಟುಂಬ, ಅಜ್ಜ, ಕನ್ನಡಕ, ಉಣ್ಣೆ ಕೋಟು, ಕೈ.

"ನನ್ನ ಪುಸ್ತಕ ಮಕ್ಕಳನ್ನ ಮಲಗಿಸೋದಕ್ಕೆ," ಎಂದರು ಸಂಪಾದಕಿ. "ನೀನು ಕಾಡನ್ನೇ ಎಬ್ಬಿಸಿದ್ದೀಯ."

ಎಂದಿನ ಇಣುಕಿಯಾಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಒಮ್ಮೆ ಕೂಗಿದ ಗಂಟಲು ಇನ್ನೂ ಬೆಚ್ಚಗಿತ್ತು. "ಮೇಡಂ, ಯಾವ ಮಗು ಹೇಳಿದ ತಕ್ಷಣ ಮಲಗುತ್ತೆ? ನಮ್ಮ ಪಟಾಕಿನೂ ಹೊದ್ಕೊಂಡು, ಮಲಗಿದೀನಿ ಅಂತ ತಾನೇ ಕೂಗಿ ಹೇಳ್ತಾಳೆ, ಕಣ್ಣು ಮಾತ್ರ ಇಷ್ಟಗಲ ಇರುತ್ತೆ. ಈ ಕರಡಿನೂ ಹಾಗೇ. ಮೊದಲಿಂದ ಎಲ್ಲಾ ಕಳ್ಳನಿದ್ದೆ. ಕೊನೇ ಪುಟ ಇನ್ನೂ ಅಚ್ಚಾಗಿಲ್ಲ. ಅದ್ರಲ್ಲಿ ಮಾತ್ರ ಎಲ್ಲರೂ ನಿಜವಾಗ್ಲೂ ಮಲಗಿರ್ಲಿ. ಸುಳ್ಳು ಸುಳ್ಳು ಅಂತ ಕೂಗಿ ಕೂಗಿ ಮಗೂಗೂ ಸುಸ್ತಾಗಿರುತ್ತೆ, ಮೇಡಂ. ಒಂದ್ಸಲ ಕೇಳಿ."

ಅವಳು ಫೋನನ್ನು ಎತ್ತಿ ಹಿಡಿದು ಹೊಲಿಯುವ ಹೆಂಗಸಿಗೆ ಸನ್ನೆ ಮಾಡಿದಳು. ಆಕೆ ಸೆರಗು ಸಿಕ್ಕಿಸಿಕೊಂಡು, ನಾಟಕದವಳ ಹಾಗೆ ಎದೆಯುಬ್ಬಿಸಿ, "ಕರಡಿ ಮಲಗಿತು!" ಎಂದಳು. ಪ್ರೆಸ್ಸಿಗೆ ಪ್ರೆಸ್ಸೇ ಗುಡುಗಿತು: "ಸುಳ್ಳು!" ಎಲ್ಲರಿಗಿಂತ ಜೋರಾಗಿ ಮಾವ.

"ಸರಿ," ಎಂದಿತು ಫೋನು. "ಹಾಗಾದ್ರೆ ಕೊನೇ ಪುಟದಲ್ಲಿ..." ಅಷ್ಟಕ್ಕೇ ಕಡಿದುಹೋಯಿತು. ಇನ್ನೊಂದು ಗುಡ್ಡ.

ಎಲ್ಲರೂ ಫೋನಿನ ಸುತ್ತ ನಿಂತರು. ಮೇಸ್ತ್ರಿ ಬೀಡಿ ಹಚ್ಚಲು ಹೋಗಿ ಕಾಗದದ ನೆನಪಾಗಿ ಕಿವಿಗೆ ಸಿಕ್ಕಿಸಿಕೊಂಡರು. ಸರಿ ಅಂದ್ರಲ್ಲ, ಎಂದರು ಒಬ್ಬರು. ಕೋಪ ಬಂದಾಗ್ಲೂ ಸರಿ ಅಂತಾರೆ, ಎಂದರು ಇನ್ನೊಬ್ಬರು. ಇಣುಕಿ ಮುಖಪುಟದ ಕಟ್ಟಿನ ಮೇಲೆ ತನ್ನ ಹೆಸರನ್ನು ನೋಡುತ್ತ ನಿಂತಳು. ಅಚ್ಚಾಗಿ ಒಣಗಿತ್ತು. ಬೆರಳಿಂದ ಉಜ್ಜಿ ನೋಡಿದಳು, ಅಳಿಸಿಹೋಗಲಿಲ್ಲ.

ಫೋನು ಮತ್ತೆ ಹೊಡೆದುಕೊಂಡಿತು.

"ಕೊನೇ ಪುಟದಲ್ಲಿ ಎಲ್ಲರೂ ಮಲಗಿರ್ಬೇಕು," ಎಂದರು ಸಂಪಾದಕಿ, ಕಡಿದುಹೋದದ್ದು ತಮಗೆ ಗೊತ್ತೇ ಇಲ್ಲದ ಹಾಗೆ. "ಒಂದೇ ಒಂದು ಕಣ್ಣು ತೆರೆದಿದ್ರೂ ನಿನ್ನನ್ನ ಬಿಡಲ್ಲ. ಇಲ್ಲಿ ಎದುರು ಸೀಟಿನವರೆಲ್ಲ ನನ್ನನ್ನೇ ನೋಡ್ತಿದ್ದಾರೆ, ಒಬ್ಳೇ ನಗ್ತಿದೀನಿ ಅಂತ." ಆಮೇಲೆ ದನಿ ತಗ್ಗಿಸಿ, "ಅಲ್ಲಾ, ಇಷ್ಟು ದಿನ ಮಾತು ಬರಲ್ಲ ಅಂದ್ಕೊಂಡಿದ್ದೆನಲ್ಲೇ ನಿಂಗೆ!"

ಕೊನೆಯ ಪುಟದ ಮೊದಲಿನ ಚಿತ್ರ ಇಣುಕಿಯ ಫೋನಿನಿಂದಲೇ ಹೋಯಿತು. ಕಳಿಸುವ ಮುಂಚೆ ಇಣುಕಿ ನೋಡಿದಳು, ಮಾವ ಕನ್ನಡಕ ಇಳಿಸಿ ನೋಡಿದರು, ಮೇಸ್ತ್ರಿ ಭೂತಗನ್ನಡಿ ಇಟ್ಟು ನೋಡಿದರು. ಎಲ್ಲ ಕಣ್ಣೂ ಮುಚ್ಚಿದ್ದವು. ಕಾಲುಗಳೂ ಸರಿಯಾಗಿದ್ದವು.

ಪುಸ್ತಕ ಬಂದ ದಿನ ಪಟಾಕಿ ಮೊದಲ ಪುಟದಿಂದ ಕೂಗಿ ಕೂಗಿ, ಕೊನೆಯ ಪುಟ ತೆರೆದಾಗ ಗಕ್ಕನೆ ನಿಂತಳು. ಒಂದೊಂದು ಪ್ರಾಣಿಯ ಮೇಲೂ ಬೆರಳಿಟ್ಟು ನೋಡಿದಳು. "ಶ್," ಎಂದಳು ಪಿಸುದನಿಯಲ್ಲಿ, "ನಿಜವಾಗ್ಲೂ." ಅವಳೇನೂ ಮಲಗಲಿಲ್ಲ. ಮಲಗಿದ್ದು ಪಕ್ಕದಲ್ಲಿ ಕೂತು ಕೇಳುತ್ತಿದ್ದ ಇಣುಕಿಯ ಅಮ್ಮ.

ಆ ಕೊನೆಯ ಪುಟವನ್ನು ಮಾವ ದೊಡ್ಡದಾಗಿ ಪ್ರಿಂಟು ಹಾಕಿ, ಚೌಕಟ್ಟು ಕಟ್ಟಿಸಿ, ಸ್ಟುಡಿಯೋದ ಗೋಡೆಗೆ ತೂಗುಹಾಕಿದರು. "ಕಾನೂನು ಎಲ್ಲಿ ಹೋಯ್ತು ಮಾವ?" ಎಂದು ಕೇಳಿದ್ದಕ್ಕೆ, "ಹೊಸ್ತಿಲು ದಾಟಬಾರದು ಅಂದಿದ್ದೆ. ದಾಟಿದ್ಯಾ? ಒಳಗೇ ಇದೆಯಲ್ಲ," ಎಂದರು.

ಕೂಡು ಕುಟುಂಬದ ಅಜ್ಜ ಇನ್ನೊಂದು ಪ್ರತಿ ಬೇಕೆಂದು ಬಂದದ್ದು ಅದರ ಮರುದಿನ. ಒಳಗಿನ ಕೋಣೆಯಲ್ಲಿ ಮಾವ ಯಾರದೋ ಗಲ್ಲ ಎತ್ತಿ, ಹೆಗಲು ತಿರುಗಿಸಿ, ಕ್ಯಾಮೆರಾ ಹಿಡಿದಿದ್ದರು. ಅಜ್ಜ ಮೇಜಿನ ಮೇಲಿದ್ದ ಪುಸ್ತಕ ತಿರುವಿದರು. ಕರಡಿಯನ್ನು ಗುರಾಯಿಸಿದರು. ಕರಡಿ ಅವರನ್ನು ಗುರಾಯಿಸಿತು. ಇಬ್ಬರಲ್ಲಿ ಯಾರೂ ಸೋಲಲಿಲ್ಲ.

"ಈ ಕರಡಿನ ಎಲ್ಲೋ ನೋಡಿದೀನಲ್ಲ," ಎಂದರು ಅಜ್ಜ. "ಯಾರು ಬರೆದದ್ದು ಇದನ್ನ?"

ಇಂಥ ಪ್ರಶ್ನೆಗಳಿಗೆ ಪರದೆಯ ಈಚೆಯಿಂದ ಮಾವನೇ ಉತ್ತರ ಕೊಡುವುದು ವಾಡಿಕೆ. ಮಾವ ಒಳಗಿದ್ದರು. ಪರದೆ ಸ್ವಲ್ಪ ಅಲ್ಲಾಡಿತು, ತೂತಿನಲ್ಲಿ ಒಂದು ಕಣ್ಣು ಕಂಡಿತು. ಆಮೇಲೆ ಪರದೆ ಪೂರ್ತಿ ಸರಿಯಿತು.

"ನಾನು!" ಎಂದಳು ಇಣುಕಿ.

ಅವಳಿಗೆ ಗೊತ್ತಿದ್ದದ್ದು ಎರಡೇ ದನಿ: ಪಿಸುಮಾತು, ಇಲ್ಲವೇ ಪ್ರೆಸ್ಸಿನ ಕೂಗು. ಬಂದದ್ದು ಎರಡನೆಯದು. ಅಜ್ಜ ಪುಸ್ತಕ ಕೈಬಿಟ್ಟರು. ಒಳಗೆ ಕ್ಯಾಮೆರಾ ಛಕ್ಕೆಂದಿತು. ಜೊತೆಯಲ್ಲೇ ಮಾವನ ಗೋಳು ಕೇಳಿಸಿತು.

"ಹೋಯ್ತು! ಬೆಚ್ಚಿ ಕಣ್ಣು ಮುಚ್ಚಿಬಿಟ್ರು. ಏ ಇಣುಕಿ, ಇನ್ನು ನೀನೇ ಎಬ್ಬಿಸು ಇವ್ರನ್ನ!"